ಏಳನೇ ಸಾಲಿನ ಮೂರನೇ ಬಟ್ಟಲು

ಬಾಯಲ್ಲಿದ್ದ ಕಾಫಿಯನ್ನು ಉಗುಳಬೇಕೋ ನುಂಗಬೇಕೋ ಚೂಟಿಗೆ ತಿಳಿಯಲಿಲ್ಲ.

ಹನ್ನೊಂದು ವರ್ಷದಿಂದ ಕಾಫಿಯ ರುಚಿ ನೋಡುತ್ತ ಈ ಮೇಜಿನ ಸುತ್ತ ಬಟ್ಟಲಿನಿಂದ ಬಟ್ಟಲಿಗೆ ನಡೆದವಳು ಅವಳು. ಚಮಚದಲ್ಲಿ ಎತ್ತು, ಸೊರ್ರನೆ ಹೀರು, ನಾಲಿಗೆಯ ಮೇಲೆ ಒಂದು ಸುತ್ತು ಹಾಕಿಸು, ಡಬ್ಬಕ್ಕೆ ಉಗುಳು. ನಿದ್ದೆಗಣ್ಣಲ್ಲೂ ಮಾಡಬಲ್ಲ ಕೆಲಸ. ಅಂಥವಳು ಏಳನೇ ಸಾಲಿನ ಮೂರನೇ ಬಟ್ಟಲಿನ ಮುಂದೆ, ಕೆನ್ನೆ ಉಬ್ಬಿಸಿಕೊಂಡು, ಹಲ್ಲುನೋವು ಬಂದವಳ ಹಾಗೆ ನಿಂತುಬಿಟ್ಟಳು.

ಕಾಫಿಯ ಹಿಂದೆ ಇನ್ನೊಂದು ರುಚಿ ಇತ್ತು. ಮೊದಲು ತಣ್ಣಗೆ, ಆಮೇಲೆ ಚುರುಕು, ಕೊನೆಗೆ ಜೇನುಮೇಣದ ಜಿಡ್ಡು.

ಅಜ್ಜಿಯ ಮುಲಾಮು!

ಆ ಮುಲಾಮು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಬೆಟ್ಟದ ಮೇಲಿನ ಅವರ ಮನೆಯಲ್ಲಿ, ಕಾಡಿನ ಒಂದು ಮರದ ತೊಗಟೆ ಕುದಿಸಿ, ಜೇನುಮೇಣ ಬೆರೆಸಿ ಅಜ್ಜಿ ಕಾಸುತ್ತಿದ್ದದ್ದು ಅದು. ಅಜ್ಜಿ ಹೋದಮೇಲೆ ಕಾಸಲು ಬರುವುದು ಅಕ್ಕನೊಬ್ಬಳಿಗೇ. ಅದರ ಪುಟ್ಟ ತಗಡಿನ ಡಬ್ಬಿ ಸದಾ ಇರುತ್ತಿದ್ದದ್ದೂ ಅಕ್ಕನ ಜೇಬಿನಲ್ಲೇ.

ಅಕ್ಕ ಕಾಣೆಯಾಗಿ ಇವತ್ತಿಗೆ ಒಂಬತ್ತು ದಿನ. ಅವಳ ಬೈಕು ಕಣಿವೆಯ ಹೊಳೆಯಲ್ಲಿ ಸಿಕ್ಕಿತ್ತು, ಅವಳು ಸಿಕ್ಕಿರಲಿಲ್ಲ. ಹೊಳೆ ಕೊಚ್ಚಿಕೊಂಡು ಹೋಯಿತು ಎಂದು ಪೊಲೀಸರು ಬರೆದು ಕೈತೊಳೆದುಕೊಂಡಿದ್ದರು.

ಚೂಟಿ ಮೆಲ್ಲಗೆ ಬಾಗಿ ಡಬ್ಬಕ್ಕೆ ಉಗುಳಿದಳು. ಏಳನೇ ಸಾಲಿನ ಕಾಫಿ ಬೆಟ್ಟದಿಂದ ಇಳಿದು ಬಂದು ನಾಲ್ಕೇ ದಿನ. ಅಕ್ಕ ಹೊಳೆಗೆ ಬಿದ್ದಳು ಅಂದದ್ದು ಒಂಬತ್ತು ದಿನದ ಹಿಂದೆ. ಹೊಳೆಯ ಪಾಲಾದವಳು ಈ ನಾಲ್ಕು ದಿನದಲ್ಲಿ ಕಾಫಿ ಬೀಜಕ್ಕೆ ಮುಲಾಮು ಸವರುವುದುಂಟೇ?

ಅಕ್ಕ ಬದುಕಿದ್ದಾಳೆ. ಎಲ್ಲೋ ಮೂಟೆಗಳ ನಡುವೆ ಅವಳನ್ನು ಕೂಡಿಹಾಕಿದ್ದಾರೆ. ಕಾಫಿ ಬೀಜ ಪಕ್ಕದಲ್ಲಿದ್ದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ ಎಂದು ಅವಳಿಗೆ ಗೊತ್ತು. ಆ ಬೀಜ ಇವತ್ತಲ್ಲ ನಾಳೆ ತಂಗಿಯ ನಾಲಿಗೆಗೆ ಬಂದೇ ಬರುತ್ತದೆ ಎಂದೂ ಗೊತ್ತು. ಕಾಗದವಿಲ್ಲ, ಪೆನ್ನಿಲ್ಲ, ಫೋನಿಲ್ಲ. ಕೈಯಲ್ಲಿದ್ದದ್ದು ಒಂದು ಡಬ್ಬಿ ಮುಲಾಮು. ಅದರಲ್ಲೇ ಹೇಳಿ ಕಳಿಸಿದ್ದಾಳೆ ಮಹಾತಾಯಿ.

ಖುಷಿಯಾಗಬೇಕಿತ್ತು. ಆದರೆ ಚೂಟಿಗೆ ಆದದ್ದು ಭಯ. ಒಂಬತ್ತು ದಿನ ಅವಳು ಅಕ್ಕನ ಹೆಣಕ್ಕಾಗಿ ಹೊಳೆಯ ದಂಡೆ ಹುಡುಕಿದ್ದಳು. ಆಗ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ಈಗ ಇದೆ. ಈಗ ಒಂದು ಹೆಜ್ಜೆ ತಪ್ಪಿಟ್ಟರೆ ಅಕ್ಕ ನಿಜವಾಗಿಯೂ ಸಾಯುತ್ತಾಳೆ.

ಮಾಡಿದವನು ಈ ಕೋಣೆಯಲ್ಲೇ ಇರಬಹುದು ಎನ್ನಿಸಿ ಅವಳು ತಲೆಯೆತ್ತದೆ ಕಣ್ಣು ಮಾತ್ರ ಸುತ್ತ ಹೊರಳಿಸಿದಳು.

ಉದ್ದನೆಯ ಕೋಣೆ. ಸುಣ್ಣದ ಗೋಡೆ, ಎರಡು ದೊಡ್ಡ ಕಿಟಕಿ, ಬೆಳಗಿನ ಹತ್ತು ಗಂಟೆಯ ಬಿಸಿಲು. ಮೇಜಿನ ಮೇಲೆ ಎಂಟು ಸಾಲು, ಸಾಲಿಗೆ ಐದು ಬಟ್ಟಲು. ಒಂದೇ ಮಾಲನ್ನು ಐದು ಬಟ್ಟಲಿಗೆ ಬೇರೆಬೇರೆಯಾಗಿ ಪುಡಿ ಮಾಡಿ ಹಾಕುವುದಕ್ಕೆ ಕಾರಣವಿದೆ. ಒಂದು ಕೆಟ್ಟ ಬೀಜ ಬಂದರೂ ಒಂದು ಬಟ್ಟಲಿನಲ್ಲಿ ಅದು ಸಿಕ್ಕಿಬೀಳುತ್ತದೆ.

ರುಚಿ ನೋಡುವವರು ಮೂವರು. ಮೊದಲನೆಯವಳು ಚೂಟಿ. ಬೆಟ್ಟದ ಜನರಲ್ಲಿ ಈ ಮೇಜಿನ ಮುಂದೆ ನಿಂತವಳು ಅವಳೊಬ್ಬಳೇ. ಎರಡನೆಯವರು ಮೇಷ್ಟ್ರು, ಅವಳಿಗೆ ಈ ಕೆಲಸ ಕಲಿಸಿದವರು. ಮೂರನೆಯವರು ಸಾಹೇಬರು. ಬೆಟ್ಟದ ಕಾಫಿಯನ್ನು ವರ್ಷವರ್ಷ ಕೊಂಡುಹೋಗುವ ಕಂಪನಿಯವರು. ಸ್ವಭಾವ ಒಳ್ಳೆಯದು, ಆದರೆ ಎಮ್ಮೆ ಕಲಗಚ್ಚು ಹೀರಿದ ಹಾಗೆ ಸದ್ದು ಮಾಡುತ್ತಿದ್ದರು.

ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕಾರ್ಯದರ್ಶಿ ಕೂತಿದ್ದ. ಬೆಳೆಗಾರರ ಸಂಘ ನಡೆಸುವವನು. ಅವನಿಗೆ ರುಚಿ ನೋಡಲು ಬರುವುದಿಲ್ಲ. ನೋಡುವವರ ಮುಖ ನೋಡಲು ಬರುತ್ತದೆ.

ಹದಿನೈದು ದಿನದ ಹಿಂದೆ ಅಕ್ಕ ಹೇಳಿದ್ದ ಮಾತು ಚೂಟಿಗೆ ನೆನಪಾಯಿತು. ಅಕ್ಕನ ಕೆಲಸ ತೋಟದಿಂದ ತೋಟಕ್ಕೆ ನಡೆಯುವುದು. ಮರದ ನೆರಳಿನಲ್ಲಿ, ಔಷಧಿ ಹೊಡೆಯದೆ, ಕಾಡು ಕಡಿಯದೆ ಬೆಳೆದ ಕಾಫಿಯೇ ಹೌದೋ ಎಂದು ನೋಡಿ ಮೂಟೆಗೆ ಬೆಟ್ಟದ ಮುದ್ರೆ ಹಾಕುವುದು. ಆ ಮುದ್ರೆಯಿಂದಲೇ ಬೆಟ್ಟಕ್ಕೆ ಶಾಲೆ ಬಂದದ್ದು, ನರ್ಸಮ್ಮ ಬಂದದ್ದು. ಈ ಜನ ಕಾಡು ಕಾಯುತ್ತಾರೆ, ಇವರನ್ನು ಇಲ್ಲಿಂದ ಎಬ್ಬಿಸಬೇಡಿ ಎಂದು ಸರ್ಕಾರ ಬರೆದುಕೊಟ್ಟದ್ದೂ ಅದರಿಂದಲೇ.

"ಯಾರೋ ಬಯಲಿನ ಬೀಜ ತಂದು ನಮ್ಮ ಮೂಟೆಗೆ ಬೆರೆಸ್ತಿದ್ದಾರೆ ಕಣೇ," ಅಂದಿದ್ದಳು ಅಕ್ಕ. "ಔಷಧಿ ಹೊಡೆದ ಬೀಜ. ನಮ್ಮ ಮುದ್ರೆ ಹಾಕಿ."

"ಯಾರು?"

"ಖಾತ್ರಿ ಆದ್ಮೇಲೆ ಹೇಳ್ತೀನಿ. ಸುಮ್ಸುಮ್ನೆ ಯಾರ ಮೇಲೂ ಬೆರಳು ತೋರಿಸಬಾರದು."

ಅದನ್ನು ಹೇಳುವ ಮೊದಲೇ ಅವಳ ಬೈಕು ಹೊಳೆಗೆ ಬಿದ್ದಿತ್ತು.

ಚೂಟಿ ನಾಲ್ಕನೇ ಬಟ್ಟಲಿಗೆ ಸರಿದಳು. ಅವಳ ಹಿಂದೆಯೇ ಬರುತ್ತಿದ್ದ ಮೇಷ್ಟ್ರು ಮೂರನೇ ಬಟ್ಟಲಿಗೆ ಚಮಚ ಅದ್ದಿದರು. ಅವಳು ಓರೆಗಣ್ಣಿನಿಂದ ನೋಡಿದಳು.

ಸೊರ್ರ್.

ಮೇಷ್ಟ್ರ ಚಮಚ ಗಾಳಿಯಲ್ಲಿ ನಿಂತಿತು. ಒಂದೇ ಒಂದು ಕ್ಷಣ. ಆಮೇಲೆ ಅವರು ಉಗುಳಿ, ಮೀಸೆ ಒರೆಸಿಕೊಂಡು, ಮುಂದೆ ಸರಿದರು.

ಅವರಿಗೂ ಗೊತ್ತಾಯಿತು! ಗೊತ್ತಾಗದೆ ಇರಲು ಸಾಧ್ಯವೇ ಇಲ್ಲ. ಹದಿನಾರನೇ ವಯಸ್ಸಿನಲ್ಲಿ ಚೂಟಿ ಮೊದಲ ಸಲ ಈ ಕೋಣೆಗೆ ಬಂದಾಗ, ಒಡೆದ ಹಿಮ್ಮಡಿಗೆ ಇದೇ ಮುಲಾಮು ಹಚ್ಚಿಕೊಂಡು ಬಂದಿದ್ದಳು. ಮೇಷ್ಟ್ರು ಬಾಗಿಲಲ್ಲೇ ಮೂಗು ಮುಚ್ಚಿಕೊಂಡು, ಮೂರು ಸಲ ಕಾಲು ತೊಳೆಸಿ, ನಾಲ್ಕನೇ ಸಲ ಸ್ನಾನವನ್ನೇ ಮಾಡಿಸಿದ್ದರು. "ಈ ವಾಸನೆ ಇನ್ನೊಂದ್ಸಲ ನನ್ನ ಕಾಫಿ ಹತ್ರ ಬಂದ್ರೆ ಗುರುತು ಹಿಡೀತೀನಿ ನೋಡು ಚೂಟಿ, ಸತ್ತು ಮಲಗಿದ್ರೂ ಹಿಡೀತೀನಿ," ಅಂದಿದ್ದರು. ಅಕ್ಕ ಈ ಕತೆಯನ್ನು ಕಂಡಕಂಡವರಿಗೆಲ್ಲ ಹೇಳಿ ನಗುತ್ತಿದ್ದಳು.

ಚೂಟಿ ಎಂಬ ಹೆಸರಿಟ್ಟವರೂ ಮೇಷ್ಟ್ರೇ. ಅಪ್ಪನಿಲ್ಲದ ಅವಳಿಗೆ ಇರುವ ಅಪ್ಪ ಅವರೇ ಎಂದರೂ ತಪ್ಪಿಲ್ಲ.

ಅದಕ್ಕೇ ಈಗ ಹೊಸ ಭಯ ಹುಟ್ಟಿತು. ಮೇಷ್ಟ್ರ ನಾಲಿಗೆಗೆ ಸುಳ್ಳು ಗೊತ್ತಿಲ್ಲ. ಮೇಜಿನ ಹತ್ತಿರ ಯಾರೂ ಮಾತಾಡಕೂಡದು ಎಂಬ ನಿಯಮವಿದೆ ಸರಿ. ಆದರೆ ಕೊನೆಯಲ್ಲಿ ಒಬ್ಬೊಬ್ಬರೂ ಬರೆದದ್ದನ್ನು ಗಟ್ಟಿಯಾಗಿ ಓದಬೇಕು. ದೋಷವಿದೆ ಎಂದರೆ ಮೂಟೆ ಇದ್ದ ಜಾಗವನ್ನು ತಕ್ಷಣ ತೆರೆದು ನೋಡಬೇಕು. ಕಾರ್ಯದರ್ಶಿ ಇಲ್ಲೇ ಕೂತಿದ್ದಾನೆ. ಇದು ಅವನ ಕೆಲಸವೇ ಆಗಿದ್ದರೆ, ಮೂಟೆ ನೋಡಲು ಯಾರಾದರೂ ಹೋಗುವ ಮುಂಚೆ ಅವನು ಅಲ್ಲಿರುತ್ತಾನೆ.

ಓದಬೇಡಿ ಮೇಷ್ಟ್ರೇ, ಬಾಯಿ ಬಿಡಬೇಡಿ ಎಂದು ಅವಳು ಮನಸ್ಸಿನಲ್ಲೇ ಅಂಗಲಾಚಿದಳು.

*

ಬಿಸಿ ರುಚಿ ನೋಡಿದ ಮೇಲೆ ಬಟ್ಟಲು ಆರುವತನಕ ಹತ್ತು ನಿಮಿಷ ಬಿಡುವು. ಚೂಟಿ ನೀರು ಕುಡಿಯುವ ನೆವದಲ್ಲಿ ಪಕ್ಕದ ಕೋಣೆಗೆ ನುಸುಳಿದಳು.

ಅಲ್ಲಿ ಗೋಡೆಗುಂಟ ತಟ್ಟೆಗಳು. ಪ್ರತಿ ಮಾಲಿನಲ್ಲೂ ಹುರಿಯದೆ ಉಳಿಸಿದ ಹಸಿರು ಬೀಜ. ಏಳನೇ ತಟ್ಟೆಗೆ ಕೈಹಾಕಿ ಬೆರಳಾಡಿಸಿದಳು. ಎಲ್ಲ ಬೀಜವೂ ಒಣಒಣ ಸರಿಯುತ್ತಿತ್ತು. ತಳದಲ್ಲಿ ಐದಾರು ಬೀಜ ಮಾತ್ರ ಒಂದಕ್ಕೊಂದು ಅಂಟಿಕೊಂಡಿದ್ದವು. ಮೂಗಿನ ಹತ್ತಿರ ತಂದಳು.

ಕಣ್ಣು ತುಂಬಿ ಬಂತು. ಅಕ್ಕನ ಕೈಯ ವಾಸನೆಯೇ ಅದು.

"ಏನಮ್ಮಾ, ಬೀಜಕ್ಕೆ ಮುತ್ತು ಕೊಡ್ತಿದ್ದೀಯಾ?"

ಅವಳು ತಿರುಗಿದಳು. ಬಾಗಿಲಲ್ಲಿ ಬೀಗದಣ್ಣ ನಿಂತಿದ್ದ. ಗೋಡೌನು ಕಾಯುವವನು. ಸೊಂಟದಲ್ಲಿ ಹದಿನಾಲ್ಕು ಬೀಗದ ಕೈ, ಬಾಯಲ್ಲಿ ಸದಾ ಹಾಸ್ಯ. ಅವನು ಬರುವುದು ಒಂದು ಫರ್ಲಾಂಗ್ ಮೊದಲೇ ಕೇಳಿಸುತ್ತಿತ್ತು. ಇವತ್ತು ಚೂಟಿಯ ಕಿವಿಗೇ ಏನೋ ಆಗಿತ್ತು.

"ಕಲ್ಲು ಇದೆಯೇನೋ ನೋಡ್ದೆ ಅಣ್ಣಾ," ಎಂದು ಅಂಟಿದ ಬೀಜಗಳನ್ನು ಮುಷ್ಟಿಯಲ್ಲಿ ಅಡಗಿಸಿದಳು. "ಈ ಏಳನೇದು ಯಾವ ಗೋಡೌನಿಂದು?"

"ಗೋಡೌನಲ್ಲಿ ಜಾಗ ಎಲ್ಲಿದೆ? ನಾಲ್ಕು ದಿನದ ಹಿಂದೆ ಬಂದದ್ದನ್ನೆಲ್ಲ ಹಳೇ ಒಣಗುಮನೇಲಿ ಹಾಕ್ಸಿದ್ರು."

ಹಳೇ ಒಣಗುಮನೆ! ಇಳಿಜಾರಿನ ಮೇಲಿನ ಹಳೆಯ ಕಟ್ಟಡ. ಹಿಂದೆ ಮಳೆ ಬಂದಾಗ ಕಾಫಿ ಒಣಗಿಸಲು ಕಟ್ಟಿದ್ದು. ಚಾವಣಿ ಸೋರುತ್ತದೆ ಎಂದು ಮುಚ್ಚಿ ಎರಡು ವರ್ಷವಾಗಿತ್ತು.

"ಒಳಗೆ ಹೋಗಿದ್ಯಾ ಅಣ್ಣಾ ನೀನು?"

"ಎಲ್ಲಿ ಬಿಟ್ರು ತಾಯಿ! ಹತ್ತು ಮೂಟೆ ಹೊರಗೆ ತಂದಿಟ್ಟಿದ್ರು, ಅಲ್ಲೇ ಚುಚ್ಚಿ ಬೀಜ ತಗೊಂಡೆ. ಹದಿನೈದು ಬೀಗದ ಕೈ ಇಟ್ಕೊಂಡಿದ್ದವನು ಈಗ ಹದಿನಾಲ್ಕಕ್ಕೆ ಇಳಿದಿದ್ದೀನಿ. ಆ ಮನೇದನ್ನ ಇಸ್ಕೊಂಡು ಹೋಗಿ ವಾರದ ಮೇಲಾಯ್ತು." ಅವನು ತಲೆ ಕೆರೆದುಕೊಂಡ. "ಅದು ಸಾಲದು ಅಂತ ಇವತ್ತು ಬೆಳಿಗ್ಗೆ ಕಾರ್ಯದರ್ಶಿಗಳು ಒಂದು ಹೊಸ ಬೀಗ ಬೇರೆ ತಗೊಂಡು ಹೋದ್ರು. ಯಾವ ಬಾಗಿಲಿಗೋ ಏನೋ, ನನಗ್ಯಾರು ಹೇಳ್ತಾರೆ?"

"ಹಳೇ ಬೀಗದ ಕೈ ಇಸ್ಕೊಂಡದ್ದೂ ಅವರೇನಾ?"

"ಅವರಲ್ಲ. ಅದನ್ನ ಇಸ್ಕೊಂಡದ್ದು..."

ಟಿಣ್, ಟಿಣ್, ಟಿಣ್. ಮೇಷ್ಟ್ರು ಗಾಜಿನ ಲೋಟಕ್ಕೆ ಚಮಚ ಬಡಿದು ಕರೆಯುತ್ತಿದ್ದರು.

"ಓಡು ಓಡು, ತಡ ಆದ್ರೆ ನನ್ನನ್ನೂ ಸೇರಿಸಿ ಬೈತಾರೆ," ಎಂದು ಬೀಗದಣ್ಣ ಬೀಗದ ಕೈಗಳನ್ನು ಝಣಗುಟ್ಟಿಸುತ್ತ ಹೊರಗೆ ಹೊರಟೇಹೋದ.

*

ಆರಿದ ಬಟ್ಟಲಿನಲ್ಲಿ ಮುಲಾಮಿನ ವಾಸನೆ ಇನ್ನೂ ಎದ್ದು ಕಾಣುತ್ತಿತ್ತು. ಚೂಟಿ ಚಮಚ ಅದ್ದಿದಳು, ಹೀರಿದಳು, ಮುಖವನ್ನು ಕಲ್ಲು ಮಾಡಿಕೊಂಡಳು. ಹಾಳೆಯ ಮೇಲೆ ಏಳನೆಯದರ ಮುಂದೆ ಬರೆದಳು: ಐದೂ ಶುದ್ಧ.

ಹನ್ನೊಂದು ವರ್ಷದಲ್ಲಿ ಬರೆದ ಮೊದಲ ಸುಳ್ಳು. ಬರೆಯುವಾಗ ಅಕ್ಷರ ಸೊಟ್ಟಗಾಯಿತು. ಮೊದಲು ಮೇಷ್ಟ್ರನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಬೇಕು, ಇಬ್ಬರೂ ಸೇರಿ ಏನಾದರೂ ಮಾಡಬಹುದು, ಅದೊಂದೇ ಅವಳಿಗಿದ್ದ ಧೈರ್ಯ.

"ಅಕ್ಕನ ಸುದ್ದಿ ಏನಾದ್ರೂ ಬಂತೇನಮ್ಮಾ?" ಪಕ್ಕದಲ್ಲೇ ದನಿ ಕೇಳಿಸಿತು. ಕಾರ್ಯದರ್ಶಿ ಯಾವಾಗ ಎದ್ದು ಬಂದನೋ ಗೊತ್ತಿಲ್ಲ.

"ಇಲ್ಲ ಸಾರ್."

"ಮುಖ ಬಾಡಿದೆ. ಹುಷಾರಿಲ್ವಾ?"

"ನಿದ್ದೆ ಇಲ್ಲ ಸಾರ್, ಅಷ್ಟೇ."

ಅವನು ಅವಳ ಹಾಳೆಯ ಮೇಲೆ ಕಣ್ಣಾಡಿಸಿ, ತಲೆಯಾಡಿಸಿ, ಕುರ್ಚಿಗೆ ಹಿಂದಿರುಗಿದ.

ಓದುವ ಸರದಿ ಹಿರಿಯರಿಂದ. ಮೇಷ್ಟ್ರು ಕನ್ನಡಕ ಏರಿಸಿಕೊಂಡರು. ಒಂದು, ಎರಡು, ಮೂರು... ಆರರವರೆಗೆ ಓದಿದರು. ಚೂಟಿ ಉಸಿರು ಬಿಗಿಹಿಡಿದಳು.

"ಏಳು," ಎಂದರು ಮೇಷ್ಟ್ರು. "ಐದೂ ಬಟ್ಟಲು ಶುದ್ಧ."

ಅಬ್ಬಾ! ಅವಳಿಗೆ ಹೋದ ಜೀವ ಬಂದಂತಾಯಿತು. ಹೇಳಲಿಲ್ಲ. ದೇವರು ದೊಡ್ಡವನು, ಮೇಷ್ಟ್ರು ಹೇಳಲಿಲ್ಲ.

ಮರುಕ್ಷಣ ಆ ಬಂದ ಜೀವವೇ ತಣ್ಣಗಾಯಿತು.

ಯಾಕೆ ಹೇಳಲಿಲ್ಲ?

ಅವಳಿಗೆ ಸುಳ್ಳು ಹೇಳಲು ಕಾರಣವಿತ್ತು. ಬೀಜ ಎಲ್ಲಿಂದ ಬಂತು, ಮುಲಾಮು ಸವರಿದವರು ಯಾರು ಎಂದು ಅವಳಿಗೆ ಗೊತ್ತಿತ್ತು. ಮೇಷ್ಟ್ರಿಗೆ ಏನು ಗೊತ್ತಿತ್ತು? ಏನೂ ಗೊತ್ತಿಲ್ಲದ ಮೇಷ್ಟ್ರು ಈ ವಾಸನೆ ಸಿಕ್ಕಿದ್ದರೆ ಬಟ್ಟಲು ಎತ್ತಿ ಬಡಿದು ಮನೆ ಮಾಳಿಗೆ ಒಂದು ಮಾಡಬೇಕಿತ್ತು.

"ಚೂಟಿ, ನಿನ್ನ ಸರದಿ," ಎಂದರು ಅವರು.

ಅವಳು ಓದಿದಳು. ನಾಲಿಗೆ ತನ್ನದಲ್ಲವೇನೋ ಎನ್ನಿಸುತ್ತಿತ್ತು. "ಏಳು... ಐದೂ ಶುದ್ಧ."

ಮೇಷ್ಟ್ರು ತಲೆಯೆತ್ತಿದರು. ಇಬ್ಬರ ಕಣ್ಣೂ ಸೇರಿದವು. ಅವರಿಗೂ ಅದೇ ಪ್ರಶ್ನೆ ಹೊಳೆದದ್ದು ಅವರ ಮುಖದ ಮೇಲೆ ಅಚ್ಚೊತ್ತಿದ ಹಾಗೆ ಕಾಣಿಸಿತು. ತಾವೇ ತಯಾರು ಮಾಡಿದ ಈ ನಾಲಿಗೆಗೆ ಈ ವಾಸನೆ ತಪ್ಪಿತೇ?

"ಏನ್ರೀ ಇದು, ಇಬ್ಬರಿಗೂ ನೆಗಡಿ ಆಗಿದೆಯಾ?" ಸಾಹೇಬರು ಹಾಳೆಯನ್ನು ಮೇಜಿಗೆ ಬಡಿದರು. "ಏಳನೇದು, ಮೂರನೇ ಬಟ್ಟಲು. ಯಾವುದೋ ನೋವಿನ ಔಷಧಿ ವಾಸನೆ. ನನ್ನಂಥ ಮೊದ್ದು ನಾಲಿಗೆಗೇ ಗೊತ್ತಾಯ್ತು. ನಿಮಗೆ ಗೊತ್ತಾಗಲಿಲ್ವಾ ಮೇಷ್ಟ್ರೇ? ನಿಮಗೆ?"

ಕಿಟಕಿಯ ಪಕ್ಕದ ಕುರ್ಚಿ ಕಿರ್ರೆಂದಿತು. ಚೂಟಿ ತಿರುಗಿ ನೋಡಿದಾಗ ಕುರ್ಚಿ ಖಾಲಿ. ಹೊರಗೆ ಮೋಟಾರ್ ಬೈಕೊಂದು ಚಾಲೂ ಆಗಿ, ಇಳಿಜಾರಿನ ಕಡೆ ಸದ್ದು ದೂರವಾಯಿತು.

"ವಯಸ್ಸಾಯ್ತು ಸಾಹೇಬ್ರೇ," ಎಂದರು ಮೇಷ್ಟ್ರು ಶಾಂತವಾಗಿ. "ತಪ್ಪಾಯ್ತು. ಮೇಜಿನ ನಿಯಮ ಇದೆಯಲ್ಲ, ನಾನೇ ಮಾಡಿದ್ದು. ದೋಷ ಹಿಡಿಯದೆ ಬಿಟ್ಟವರೇ ಹೋಗಿ ಆ ಮೂಟೆ ಹೊತ್ತು ತರಬೇಕು. ನಡಿ ಚೂಟಿ, ಇಬ್ಬರೂ ಬಿಟ್ಟಿದ್ದೀವಿ, ಇಬ್ಬರೇ ಹೋಗೋಣ."

ಆ ನಿಯಮ ಚೂಟಿಗೆ ಹೊಸದಲ್ಲ. ಕಲಿಯುವ ಕಾಲದಲ್ಲಿ ಮೂಟೆ ಹೊತ್ತುಹೊತ್ತು ಅವಳು ರುಚಿ ಕಲಿತದ್ದಕ್ಕಿಂತ ಹಮಾಲಿ ಕಲಿತದ್ದೇ ಹೆಚ್ಚು ಎಂದು ಎಲ್ಲರೂ ರೇಗಿಸುತ್ತಿದ್ದರು. ಇವತ್ತು ಸತ್ಯ ಬರೆದಿದ್ದರೆ ಅವಳು ಈ ಕೋಣೆಯಲ್ಲಿ, ಸಾಹೇಬರ ಪಕ್ಕದಲ್ಲಿ ಕ್ಷೇಮವಾಗಿ ಇರುತ್ತಿದ್ದಳು. ತನ್ನ ಸುಳ್ಳೇ ತನ್ನನ್ನು ಮೇಷ್ಟ್ರ ಜೊತೆ ಒಂಟಿಯಾಗಿ ಕಳಿಸುತ್ತಿತ್ತು.

ಕೂಗಿಬಿಡಲೇ ಎಂದುಕೊಂಡಳು. ಕೂಗಿ, ಸಾಹೇಬರಿಗೆ ಎಲ್ಲ ಬಿಡಿಸಿ ಹೇಳಿ, ಅವರು ನಂಬಿ ಏಳುವಷ್ಟರಲ್ಲಿ? ಆ ಬೈಕು ಆಗಲೇ ಅರ್ಧ ದಾರಿ ಹೋಗಿದೆ.

ಅವಳು ಪೆನ್ನು ಎತ್ತಿ ಹಾಳೆಯ ಕೆಳಗೆ ಗೀಚಿದಳು: ಹಳೇ ಒಣಗುಮನೆ. ಅಕ್ಕ ಬದುಕಿದ್ದಾಳೆ. ಬೇಗ ಬನ್ನಿ. ಹಾಳೆಯನ್ನು ಬೋರಲು ಹಾಕಿ, ಅದರ ಮೇಲೆ ಚಮಚ ಇಟ್ಟು, ಸಾಹೇಬರ ಕಡೆಗೆ ಮೆಲ್ಲಗೆ ಸರಿಸಿದಳು. ಸಾಹೇಬರು ಸಿಟ್ಟಿನಲ್ಲಿ ಎಂಟನೇ ಸಾಲನ್ನು ಇನ್ನೊಮ್ಮೆ ಹೀರುತ್ತಿದ್ದರು. ನೋಡಿದರೋ ಇಲ್ಲವೋ ಗೊತ್ತಾಗಲಿಲ್ಲ.

*

ಇಬ್ಬರೂ ಗೇಟು ದಾಟಿದರು. ಇಳಿಜಾರಿನ ಕಾಲುದಾರಿ. ಎರಡೂ ಕಡೆ ಒಣಹಾಕಿದ ಕಾಫಿಯ ಹರವು. ಹಗಲು ಹೊತ್ತು, ಆದರೂ ಒಂದು ನರಪಿಳ್ಳೆಯೂ ಇರಲಿಲ್ಲ.

"ನೀನೂ ಸುಳ್ಳು ಬರೆದೆ," ಎಂದರು ಮೇಷ್ಟ್ರು.

"ನೀವೂ."

"ಇಷ್ಟು ವರ್ಷದಲ್ಲಿ ಮೊದಲನೇ ಸಲ ನೀನು..."

"ನಂದು ಮೊದಲನೇ ಸಲ ಮೇಷ್ಟ್ರೇ. ನಿಮ್ದು ಎಷ್ಟನೇದು?"

ಅವರು ನಿಂತರು. ಮೀಸೆ ಅದುರಿತು. ಬೈಯುತ್ತಾರೆ, ಹೊಡೆಯುತ್ತಾರೆ ಎಂದು ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಆದರೆ ಅವರು ದಾರಿಬದಿಯ ಬೇಲಿಗೂಟ ಹಿಡಿದುಕೊಂಡರು, ಅಷ್ಟೇ.

"ಆರು ವರ್ಷದ ಹಿಂದೆ ಬೆಟ್ಟದಲ್ಲಿ ಹೂವೇ ಬಿಡಲಿಲ್ಲ, ನೆನಪಿದೆಯಾ? ಕೊಡೋಕೆ ಕಾಫಿ ಇಲ್ಲ ಅಂದಿದ್ರೆ ಸಾಹೇಬ್ರು ಬೇರೆ ಬೆಟ್ಟ ಹುಡುಕ್ಕೊಂಡು ಹೋಗ್ತಿದ್ರು. ನಿಮ್ಮ ಶಾಲೆ ಮುಚ್ತಿತ್ತು. ಕಾರ್ಯದರ್ಶಿ ಬಯಲಿನ ಬೀಜ ತಂದ. ನಿನ್ನನ್ನ ಆ ಮಾಲಿನ ಹತ್ರ ಬಿಡದೆ ನಾನೇ ರುಚಿ ನೋಡಿ ಶುದ್ಧ ಅಂದೆ. ಒಂದೇ ವರ್ಷ ಅಂದ್ಕೊಂಡಿದ್ದೆ ಕಣೇ."

"ಆಮೇಲೆ?"

"ಆಮೇಲೆ ಅವನ ಕೈಗೆ ನನ್ನ ಜುಟ್ಟು ಸಿಕ್ತು."

ಚೂಟಿಗೆ ಅಳು ಬಂತು, ಸಿಟ್ಟೂ ಬಂತು. "ಅಕ್ಕ ಏನು ಮಾಡಿದ್ಲು ನಿಮಗೆ?"

"ನನ್ನ ಹತ್ರಾನೇ ಬಂದ್ಲು," ಎಂದರು ಮೇಷ್ಟ್ರು. ದನಿ ಕೀರಲಾಗಿತ್ತು. "ನಂಬಿಕೊಂಡು ಬಂದ್ಲು. ಒಂದು ಹಿಡಿ ಬೀಜ ತಂದು, ಇದರಲ್ಲಿ ಮೋಸ ಇದೆ, ರುಚಿ ನೋಡಿ ಹೇಳಿ ಮೇಷ್ಟ್ರೇ ಅಂದ್ಲು. ಕಾರ್ಯದರ್ಶಿ ಒಳಗೇ ಕೂತಿದ್ದ, ಎಲ್ಲ ಕೇಳಿಸ್ಕೊಂಡ. ಬೈಕ್ ಜೊತೆ ಅವಳನ್ನೂ ಹೊಳೆಗೆ ನೂಕೋಣ ಅಂದ. ನಾನು ಕಾಲು ಹಿಡ್ಕೊಂಡು ಬೇಡ ಅಂದೆ. ಬೀಗದ ಕೈ ತಂದದ್ದು ನಾನೇ. ಸಾಹೇಬ್ರು ಮಾಲು ಒಪ್ಪಿಕೊಂಡು ಹೋಗೋವರೆಗೆ ಇರ್ಲಿ, ಆಮೇಲೆ ಬಿಡೋಣ ಅಂತ."

"ಆಮೇಲೆ ಬಿಡ್ತಾನಾ ಅವನು? ನೀವೇ ಹೇಳಿ. ಬಿಡ್ತಾನಾ?"

"ಎರಡು ಹೊತ್ತು ಊಟ ನಾನೇ ಕೊಡ್ತಿದ್ದೀನಿ," ಎಂದರು ಮೇಷ್ಟ್ರು, ಅದೇನೋ ದೊಡ್ಡ ಪುಣ್ಯವೆಂಬಂತೆ. "ಇವತ್ತು ಬೆಳಿಗ್ಗೆ ಏಳು ಗಂಟೇಲೂ ಕೊಟ್ಟು, ಬೀಗ ಹಾಕಿ ಬಂದೆ."

ಚೂಟಿಯ ತಲೆಯಲ್ಲಿ ಬೀಗದಣ್ಣನ ಮಾತು ಮಿಂಚಿತು. "ಕಾರ್ಯದರ್ಶಿ ಬೆಳಿಗ್ಗೆ ಹೊಸ ಬೀಗ ತಗೊಂಡು ಹೋಗಿದ್ದಾನೆ ಮೇಷ್ಟ್ರೇ!"

"ಏನು?"

ಅವಳು ಮುಂದೆ ಕೇಳಲು ನಿಲ್ಲಲಿಲ್ಲ, ಓಡಿದಳು. ಹಿಂದೆ ಮೇಷ್ಟ್ರು ಏದುಸಿರು ಬಿಡುತ್ತ ಓಡಿ ಬರುವುದು ಕೇಳಿಸುತ್ತಿತ್ತು. ಅವರ ಭಯ ಅವಳಿಗೆ ಈಗ ಇರಲಿಲ್ಲ. ಅವರನ್ನೂ ಹೆದರಿಸುವಂಥದ್ದೊಂದು ಮುಂದೆ ಕಾದಿತ್ತು.

ಒಣಗುಮನೆಯ ಪಕ್ಕದ ಮರದಡಿ ಬೈಕು ನಿಂತಿತ್ತು. ಅದರ ಮೇಲೆ ಯಾರೂ ಇರಲಿಲ್ಲ. ತಗಡಿನ ಬಾಗಿಲಿನ ಮೇಲೆ ಹೊಚ್ಚಹೊಸ ಬೀಗ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

ಮೇಷ್ಟ್ರು ಜೇಬಿನಿಂದ ಬೀಗದ ಕೈ ತೆಗೆದು ತೂರಿಸಲು ನೋಡಿದರು. ಹೋಗಲಿಲ್ಲ. ತಿರುವಿ ನೋಡಿದರು. ಇನ್ನೊಮ್ಮೆ ನೋಡಿದರು. ಬೀಗದ ಕೈ ಜಾರಿ ಕೆಳಗೆ ಬಿತ್ತು.

ಅದನ್ನು ಎತ್ತಿಕೊಡಲು ಬಾಗಿದ ಚೂಟಿ ಬಾಗಿದಲ್ಲೇ ನಿಂತಳು. ಬಾಗಿಲಿನ ಕೆಳಗಿನ ಸಂದಿಯಿಂದ ಗಾಳಿ ಬರುತ್ತಿತ್ತು. ಅವಳ ಮೂಗು ಅರಳಿತು. ಪಕ್ಕದಲ್ಲಿ ಮೇಷ್ಟ್ರ ಮೂಗೂ ಅರಳಿತು. ಬೆಳಿಗ್ಗೆಯಿಂದ ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡಿದ್ದ ಎರಡು ಬಾಯಿಗಳಿಂದ ಒಂದೇ ಸಲಕ್ಕೆ ಒಂದೇ ಮಾತು ಹೊರಟಿತು.

"ಸೀಮೆಎಣ್ಣೆ!"

ಒಳಗೆ ಯಾರೋ ಕೆಮ್ಮಿದರು. ಆಮೇಲೆ ಒಣಗಿದ ಗಂಟಲಿನ ದನಿ, ಒಂಬತ್ತು ದಿನ ಚೂಟಿ ಹೊಳೆದಂಡೆಯಲ್ಲಿ ಕೂಗಿ ಕೂಗಿ ಕಾದಿದ್ದ ದನಿ, "ಚೂಟೀ... ಬಂದ್ಯಾ?" ಎಂದಿತು.

"ಬಂದೆ ಅಕ್ಕಾ!" ಎಂದು ಅವಳು ಬಾಗಿಲಿಗೆ ಭುಜ ಕೊಟ್ಟಳು. ತಗಡು ಜಪ್ಪಯ್ಯ ಎನ್ನಲಿಲ್ಲ.

ಆಗ ಮನೆಯ ಹಿಂದುಗಡೆಯಿಂದ, ತೀರಾ ಹತ್ತಿರದಿಂದ, ಒಂದು ಸಣ್ಣ ಸದ್ದು ಕೇಳಿಸಿತು. ಕಡ್ಡಿ ಎಷ್ಟು ಉಳಿದಿದೆ ಎಂದು ಯಾರೋ ಬೆಂಕಿಪೊಟ್ಟಣ ಅಲ್ಲಾಡಿಸಿ ನೋಡುತ್ತಿದ್ದರು.